ಬೇಗೂರಿನಿಂದ ಖಾರ್ದುಂಗ್ ಲಾವರೆಗೆ: ಒಂದು ಮೋಟಾರು ಸೈಕಲ್ ಯಾತ್ರೆಯ ಲೆಕ್ಕ

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಬಂಡೀಪುರದ ಅರಣ್ಯದ ಅಂಚಿನಲ್ಲಿರುವ ಎನ್. ಬೇಗೂರು ನಮ್ಮ ಹಿರಿಯರ ಊರು. ಕಾಲೇಜಿಗೆ ರಜೆ ಬಂದಾಗ ಕೆಲವು ದಿನಗಳನ್ನು ಅಲ್ಲಿ ಕಳೆಯುವುದು ನಮ್ಮ ವಾಡಿಕೆ. ಕಳೆದ ಬೇಸಗೆಯ ಒಂದು ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ, ಅದೇ ಊರಿನವನಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೈಯಲ್ಲಿ ಒಂದು ನೋಟುಪುಸ್ತಕವನ್ನು ಹಿಡಿದು ಬಂದನು. ಅವನ ಹಿಂದೆಯೇ ಅವನ ತಾಯಿಯೂ ಬಂದರು. ಹುಡುಗನ ಮುಖದಲ್ಲಿ ಉತ್ಸಾಹ, ತಾಯಿಯ ಮುಖದಲ್ಲಿ ಅದಕ್ಕೆ ತದ್ವಿರುದ್ಧವಾದ ಭಾವ. ಪದವಿಯ ಕೊನೆಯ ಪರೀಕ್ಷೆ ಮುಗಿಸಿದ್ದ ಅವನು, ತನ್ನ ತಾತನ ಹಳೆಯ ಯೆಜ್ಡಿ ಗಾಡಿಯನ್ನು ದುರಸ್ತಿ ಮಾಡಿಸಿಕೊಂಡು, ಲಡಾಖಿನ ಖಾರ್ದುಂಗ್ ಲಾ ಕಣಿವೆದಾರಿಯನ್ನು ಮುಟ್ಟಿ ಬರಬೇಕೆಂದು ನಿಶ್ಚಯಿಸಿದ್ದನು.

“ಲೆಕ್ಕ ಎಲ್ಲಾ ಹಾಕಿದ್ದೀನಿ ಸಾರ್. ಮೂರು ಸಾವಿರದ ಆರುನೂರು ಕಿಲೋಮೀಟರು. ದಿನಕ್ಕೆ ಆರುನೂರು. ಆರೇ ದಿನ” ಎಂದನು.

ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಯಾತ್ರೆಯ ಲೆಕ್ಕವೆಂಬುದು ಒಂದೇ ಭಾಗಾಕಾರದಿಂದ ಮುಗಿಯತಕ್ಕದ್ದಲ್ಲ. ಅಂದು ಸಂಜೆ ಮೊದಲಾದ ಚರ್ಚೆ ನಾಲ್ಕು ದಿನ ನಡೆಯಿತು. ಪ್ರತಿ ವರ್ಷವೂ ನಮ್ಮ ನಾಡಿನಿಂದ ಎಷ್ಟೋ ತರುಣರು ಇಂಥದೇ ಯಾತ್ರೆಗೆ ಹೊರಡುವುದರಿಂದ, ಆ ನಾಲ್ಕು ದಿನಗಳಲ್ಲಿ ನೋಟುಪುಸ್ತಕ ಹೇಗೆ ಬದಲಾಯಿತೆಂಬುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಆ ಗಾಡಿಯ ವಿಚಾರ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸವಾರಂಭಿಸಿತು. ಚೆಕೊಸ್ಲೊವಾಕಿಯದ ಜಾವಾ ಗಾಡಿಯನ್ನು ಇಲ್ಲಿ ತಯಾರಿಸುವ ಪರವಾನಗಿ ಪಡೆದ ಆ ಕಾರ್ಖಾನೆ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ಮಾರಿತು. 1996ರಲ್ಲಿ ಬಾಗಿಲು ಮುಚ್ಚಿತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದರ ಸದ್ದನ್ನು ಕೇಳಿ ಗುರುತಿಸಬಲ್ಲ ಹಿರಿಯರು ಇಂದಿಗೂ ಇದ್ದಾರೆ. ಒದ್ದು ಚಾಲೂ ಮಾಡುವ ಕಾಲುಹಿಡಿಯೇ ಗಿಯರು ಬದಲಿಸುವ ಹಿಡಿಯೂ ಆಗಿರುವುದು, ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳಿರುವುದು ಅದರ ವೈಶಿಷ್ಟ್ಯಗಳು. ಹುಡುಗನ ತಾತ ಅದೇ ಕಾರ್ಖಾನೆಯಲ್ಲಿ ದುಡಿದವರು. ಹಾಗಾಗಿ ಬೇರೆ ಗಾಡಿಯಲ್ಲಿ ಹೋಗೆಂದು ಹೇಳುವುದು ನಮಗೂ ಸಾಧ್ಯವಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ.

ಈ ಗಾಡಿಗಳ ಮೂಲಪುರುಷನೆನ್ನಬಹುದಾದ ಜಾವಾ 250ರ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಕೊಂತದ ಓಟ 75 ಮಿಲಿಮೀಟರ್. ಗುಣಿಸಿ ನೋಡಿದರೆ ಗಾತ್ರ ಸುಮಾರು 249 ಘನ ಸೆಂಟಿಮೀಟರ್; ಶಕ್ತಿ ಸುಮಾರು 12 ಅಶ್ವಶಕ್ತಿ. ಯೆಜ್ಡಿಯಲ್ಲಿ ಅದು ಇನ್ನೂ ಹೆಚ್ಚಿತಾದರೂ ನಮ್ಮ ಲೆಕ್ಕಕ್ಕೆ 12 ಎಂದೇ ಹಿಡಿದೆವು. ಹಳೆಯ ಗಾಡಿಯ ವಿಷಯದಲ್ಲಿ ಕಡಿಮೆ ಹಿಡಿಯುವುದೇ ಕ್ಷೇಮ.

ಇನ್ನು ವೇಗ. ಗಾಡಿ ಸಮತಲದಲ್ಲಿ ಒಂದೇ ವೇಗದಿಂದ ಓಡುವಾಗ ಎಂಜಿನ್ನು ಹೋರಾಡಬೇಕಾದುದು ಮುಖ್ಯವಾಗಿ ಎರಡರೊಡನೆ. ಚಕ್ರಗಳು ಉರುಳುವಾಗಿನ ತಡೆ ಒಂದು. ಗಾಳಿಯ ತಡೆ ಇನ್ನೊಂದು. ಮೊದಲನೆಯದು ವೇಗದೊಡನೆ ಹೆಚ್ಚು ಬದಲಾಗುವುದಿಲ್ಲ. ಎರಡನೆಯದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಳಿಯ ತಡೆ ಸುಮಾರು 96 ನ್ಯೂಟನ್. 90ರಲ್ಲಿ ಅದು 216. ಉರುಳುವ ತಡೆಯಾದ 32 ನ್ಯೂಟನ್ನನ್ನು ಎರಡಕ್ಕೂ ಸೇರಿಸಿದರೆ 128 ಮತ್ತು 248. ಎಂದರೆ, ಪ್ರತಿ ಕಿಲೋಮೀಟರಿಗೂ ಹೆಚ್ಚುಕಡಮೆ ಎರಡರಷ್ಟು ಕೆಲಸ. ಇದರಿಂದ ಉಳಿಯುವ ಕಾಲವೆಷ್ಟು? ನೂರು ಕಿಲೋಮೀಟರಿಗೆ 33 ನಿಮಿಷ. ಅದೂ ದಾರಿಯಲ್ಲಿ ಊರು, ಉಬ್ಬು, ದನ, ಲಾರಿ ಯಾವುದೂ ಅಡ್ಡ ಬಾರದಿದ್ದರೆ.

ಆದರೆ ಪೆಟ್ರೋಲಿನ ಖರ್ಚನ್ನು ಕಂಡು ಹೆದರುವ ವಯಸ್ಸು ಇಪ್ಪತ್ತಲ್ಲ. ಆದಕಾರಣ ಇನ್ನೊಂದು ಲೆಕ್ಕವನ್ನು ಅವನ ಮುಂದಿಟ್ಟೆವು. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದುದನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈಕಾಲು ಬ್ರೇಕನ್ನು ಮುಟ್ಟುವುದರೊಳಗೆ ಕನಿಷ್ಠ ಒಂದು ಸೆಕೆಂಡು ಕಳೆಯುತ್ತದೆ; ಆ 17 ಮೀಟರು ಬ್ರೇಕಿಲ್ಲದೆಯೇ ಹೋಯಿತು. ಅನಂತರ ಹಳೆಯ ಡ್ರಮ್ ಬ್ರೇಕು ಗಾಡಿಯನ್ನು ನಿಲ್ಲಿಸಲು ಒಣ ಡಾಂಬರಿನ ಮೇಲೆ ಸುಮಾರು 28 ಮೀಟರು ಬೇಕು. ಒಟ್ಟು 45 ಮೀಟರ್. ವೇಗ 90 ಆದರೆ? ಮೊದಲ ಭಾಗ 25 ಮೀಟರಾಗುತ್ತದೆ. ಎರಡನೆಯದು ಚಲನಶಕ್ತಿಯೊಡನೆ, ಎಂದರೆ ವೇಗದ ವರ್ಗದೊಡನೆ ಬೆಳೆದು 62 ಮೀಟರನ್ನು ದಾಟುತ್ತದೆ. ಒಟ್ಟು 87. ಹಳೆಯ ಗಾಡಿಯ ಮುಂದೀಪದ ಬೆಳಕನ್ನು ನಲವತ್ತು ಮೀಟರಿನಾಚೆ ನಾವು ನಂಬುವುದಿಲ್ಲ. ಕತ್ತಲಲ್ಲಿ 90ರ ವೇಗದಲ್ಲಿ ಓಡುವವನು, ತಾನು ಕಂಡ ವಸ್ತುವಿಗೆ ಡಿಕ್ಕಿ ಹೊಡೆಯುವುದನ್ನು ಆಗಲೇ ನಿರ್ಧರಿಸಿಬಿಟ್ಟಿರುತ್ತಾನೆ. ಬ್ರೇಕು ಹಾಕುವುದು ಆಮೇಲಿನ ಮಾತು.

ಈ ಪಾಠ ನಮಗೆ ಪುಸ್ತಕದಿಂದ ಬಂದುದಲ್ಲ. ಹಲವು ವರ್ಷಗಳ ಹಿಂದೆ ಒಂದು ಮುಸ್ಸಂಜೆ ಸರಗೂರಿನಿಂದ ಊರಿಗೆ ಬರುತ್ತಿದ್ದಾಗ, ತಿರುವಿನಾಚೆ ಜಿಂಕೆಗಳ ಹಿಂಡೊಂದು ದಾರಿಯನ್ನು ದಾಟುತ್ತಿತ್ತು. ಹೆದರಿ ಮುಂದಿನ ಬ್ರೇಕನ್ನು ಒಮ್ಮೆಲೇ ಬಿಗಿಯಾಗಿ ಹಿಡಿದೆವು. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಮುಂದಿನ ಬ್ರೇಕೇ ಹೆಚ್ಚು ಸಮರ್ಥವಾದುದೆಂದು ಆ ಹೊತ್ತಿಗೆ ಹತ್ತಾರು ಸಲ ಪಾಠ ಮಾಡಿದ್ದೆವು. ಆದರೆ ಭಾರ ಮುಂದಕ್ಕೆ ಬರುವುದಕ್ಕೂ ಕೊಂಚ ಅವಕಾಶ ಬೇಕು, ಕೆಳಗೆ ಮರಳಿದ್ದರೆ ಆ ಸಾಮರ್ಥ್ಯವೂ ಇಲ್ಲ ಎಂಬುದು ರಸ್ತೆಯ ಮೇಲೆ ಬಿದ್ದಮೇಲೆ ನೆನಪಾಯಿತು. ಜಿಂಕೆಗಳಿಗೆ ಏನೂ ಆಗಲಿಲ್ಲ. ನಮ್ಮ ಪಾದದ ಕೀಲು ಮಾತ್ರ ಮಳೆಗಾಲದಲ್ಲಿ ಇಂದಿಗೂ ಆ ಸಂಜೆಯನ್ನು ನೆನಪಿಸುತ್ತದೆ.

ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವನ್ನು ತಡೆದಿರುವುದು ವಾಚಕರಿಗೆ ತಿಳಿದೇ ಇದೆ. ಅದು ಕಾಡುಪ್ರಾಣಿಗಳಿಗಾಗಿ ಮಾಡಿದ ನಿಯಮ. ನಮ್ಮ ಯಾತ್ರಿಕ ಅದನ್ನು ಕಾಡಿಲ್ಲದ ಊರುಗಳಲ್ಲಿಯೂ ತನಗಾಗಿ ಪಾಲಿಸಬೇಕೆಂದೂ, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆಯೇ ತಂಗುವ ಊರನ್ನು ಸೇರಬೇಕೆಂದೂ ತೀರ್ಮಾನಿಸಿದೆವು. ಈ ಒಂದು ತೀರ್ಮಾನದಿಂದ ಆರುನೂರರ ಯೋಜನೆ ಕುಸಿದು ಬಿತ್ತು. ಹೇಗೆಂದರೆ, ಊಟ, ವಿಶ್ರಾಂತಿ, ಪಂಕ್ಚರುಗಳನ್ನೆಲ್ಲ ಸೇರಿಸಿದಾಗ ಇಂಥ ಗಾಡಿಯ ಸರಾಸರಿ ವೇಗ ಗಂಟೆಗೆ 40ಕ್ಕಿಂತ ಹೆಚ್ಚಾಗಲಾರದು. ಆರುನೂರು ಕಿಲೋಮೀಟರಿಗೆ ಹದಿನೈದು ಗಂಟೆ ಬೇಕು. ಹಗಲೇ ಅಷ್ಟಿಲ್ಲ. ಮುನ್ನೂರಾದರೆ ಏಳೂವರೆ ಗಂಟೆ. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ 600ನ್ನು ಹೊಡೆದುಹಾಕಿ 300 ಎಂದು ಬರೆದನು.

ದಾರಿಯ ಆಯ್ಕೆ ಎರಡನೆಯ ದಿನದ ಕೆಲಸ. ಅವನು ಮೊದಲು ಆರಿಸಿದ್ದುದು ಬೆಂಗಳೂರು, ಹೈದರಾಬಾದು, ನಾಗಪುರ, ದೆಹಲಿಗಳ ಮೂಲಕ ಹೋಗುವ ದೊಡ್ಡ ಹೆದ್ದಾರಿಯನ್ನು. ಅದರಲ್ಲಿ ಎರಡು ತೊಡಕುಗಳಿದ್ದುವು. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ಮೋಟಾರು ಸೈಕಲ್ಲುಗಳಿಗೆ ಪ್ರವೇಶವಿಲ್ಲ; ಪಕ್ಕದ ದಾರಿಯಲ್ಲೇ ಹೋಗಬೇಕು. ಇದು ಸಣ್ಣದು. ದೊಡ್ಡದು ದೆಹಲಿಯದು. ಹದಿನೈದು ವರ್ಷ ಮೀರಿದ ಪೆಟ್ರೋಲು ವಾಹನಗಳು ಅಲ್ಲಿಯೂ ಸುತ್ತಲ ರಾಜಧಾನಿ ಪ್ರದೇಶದಲ್ಲಿಯೂ ಓಡಕೂಡದೆಂಬ ಹಸಿರು ನ್ಯಾಯಾಧಿಕರಣದ ಆಜ್ಞೆಯನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಅನಂತರ ಅದರಲ್ಲಿ ಮಾರ್ಪಾಡುಗಳಾಗಿದ್ದರೂ, ತಾತನ ಕಾಲದ ಗಾಡಿಯನ್ನು ಹಿಡಿದುಕೊಂಡು ಆ ಗೊಂದಲದೊಳಕ್ಕೆ ಹೋಗುವುದೇಕೆ?

ನಕ್ಷೆಯನ್ನು ಹರಡಿ ನೋಡಿದಾಗ ಪಶ್ಚಿಮಕ್ಕೆ ಸರಿದು ಹೋಗುವ ಇನ್ನೊಂದು ದಾರಿ ಕಂಡಿತು: ಮೈಸೂರು, ಚಿತ್ರದುರ್ಗ, ಹೊಸಪೇಟೆ, ವಿಜಯಪುರ, ಸೊಲ್ಲಾಪುರ, ಅಜಂತಾ, ಇಂದೂರು, ಉಜ್ಜಯಿನಿ, ಕೋಟಾ, ಜಯಪುರ, ಹಿಸಾರ್, ಅಮೃತಸರ, ಜಮ್ಮು, ಶ್ರೀನಗರ, ಕಾರ್ಗಿಲ್, ಲೇಹ್. ಕೂಡಿ ನೋಡಿದರೆ ಇದರ ಉದ್ದವೂ ಅದೇ ಮೂರು ಸಾವಿರದ ಆರುನೂರರ ಆಸುಪಾಸು. ನೋಟದ ದೃಷ್ಟಿಯಿಂದಲಾದರೋ ಎರಡಕ್ಕೂ ಹೋಲಿಕೆಯೇ ಇಲ್ಲ.

ಏಕೆಂದರೆ ಈ ದಾರಿಯಲ್ಲಿ ಹೋಗುವವನ ಚಕ್ರದ ಕೆಳಗೆ ಭೂಮಿಯ ಇತಿಹಾಸವೇ ಬದಲಾಗುತ್ತ ಹೋಗುತ್ತದೆ. ಹಂಪೆಯ ಗುಡ್ಡಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು ಜಾತಿಯ ಶಿಲೆ. ಕೃಷ್ಣಾನದಿಯನ್ನು ದಾಟಿ ವಿಜಯಪುರದ ಕಡೆಗೆ ನಡೆದಂತೆ ಗುಂಡುಬಂಡೆಗಳು ಮಾಯವಾಗುತ್ತವೆ. ನೆಲ ಚಪ್ಪಟೆಯಾಗಿ, ಮಣ್ಣು ಕಪ್ಪಾಗುತ್ತದೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾ ಗಟ್ಟಿಯಾಗಿ ಆದ ಕರಿಗಲ್ಲಿನ ನಾಡು. ಒಂದರ ಮೇಲೊಂದು ಹರಿದ ಲಾವಾಪದರಗಳೇ ಅಲ್ಲಿಯ ಮೆಟ್ಟಿಲುಮೆಟ್ಟಿಲಾದ ಬೆಟ್ಟಗಳು. ಅಜಂತಾ, ಎಲ್ಲೋರಗಳ ಗುಹೆಗಳನ್ನು ಕೊರೆದಿರುವುದು ಆ ಕಲ್ಲಿನಲ್ಲಿಯೇ. ಸವಾರನು ಎರಡು ದಿನಕ್ಕೂ ಹೆಚ್ಚು ಕಾಲ ಈ ಒಂದೇ ಲಾವಾಪ್ರವಾಹದ ಮೇಲೆ ಓಡುತ್ತಿರುತ್ತಾನೆಂದರೆ ಅದರ ವಿಸ್ತಾರವನ್ನು ಊಹಿಸಿಕೊಳ್ಳಬಹುದು. ಕಟ್ಟಕಡೆಗೆ ಹಿಮಾಲಯ. ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯವನ್ನು ಒತ್ತಲು, ನಡುವೆ ಇದ್ದ ಸಮುದ್ರದ ತಳದ ಕೆಸರು ಮಡಿಚಿ ಮೇಲೆದ್ದುದನ್ನು ಲಡಾಖಿನ ದಾರಿಯ ಬಣ್ಣಬಣ್ಣದ ಪದರಗಳಲ್ಲಿ ಕಣ್ಣಾರೆ ಕಾಣಬಹುದು. ವಿಚಿತ್ರವೆಂದರೆ ಲೇಹ್ ಪಟ್ಟಣದ ಮೇಲಿನ ಖಾರ್ದುಂಗ್ ಲಾ ಇರುವುದು ಮತ್ತೆ ಗ್ರಾನೈಟಿನ ಮೇಲೆ. ಆದರೆ ಆ ಗ್ರಾನೈಟು ಹಂಪೆಯ ಬಂಡೆಗಳ ಮುಂದೆ ನಿನ್ನೆ ಹುಟ್ಟಿದ ಶಿಶು.

ಉಜ್ಜಯಿನಿಯನ್ನು ದಾಟಿ ಕೋಟಾದ ಕಡೆಗೆ ಹೊರಟ ಸ್ವಲ್ಪ ಹೊತ್ತಿಗೆ ಕರ್ಕಾಟಕ ವೃತ್ತ ಬರುತ್ತದೆ. ಅಲ್ಲಿಂದಾಚೆಗೆ ವರ್ಷದ ಯಾವ ದಿನವೂ ಸೂರ್ಯ ನೆತ್ತಿಯ ಮೇಲೆ ಬರುವುದಿಲ್ಲ. ಉಜ್ಜಯಿನಿಯಲ್ಲಿಯೂ ಜಯಪುರದಲ್ಲಿಯೂ ಸವಾಯಿ ಜಯಸಿಂಹನು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ವೇಧಶಾಲೆಗಳಿವೆ. ಇವೆರಡಕ್ಕೂ ಅರ್ಧರ್ಧ ದಿನ ಮೀಸಲಿಡದಿದ್ದರೆ ನಾವು ಮಾತನಾಡುವುದಿಲ್ಲವೆಂದು ಹುಡುಗನಿಗೆ ಹೇಳಿದೆವು. ಇದು ಭೌತಶಾಸ್ತ್ರದ ಮೇಷ್ಟರ ಹಟವೆಂದು ವಾಚಕರು ಕ್ಷಮಿಸಬೇಕು.

ಯಾವಾಗ ಹೊರಡಬೇಕು? ಅವನ ಮನಸ್ಸು ಮೇ ತಿಂಗಳಿನಲ್ಲಿತ್ತು. ಮೇ ತಿಂಗಳಲ್ಲಿ ರಾಜಸ್ಥಾನದ ಹಗಲಿನ ಉಷ್ಣತೆ 45 ಡಿಗ್ರಿಯನ್ನು ಮುಟ್ಟುವುದುಂಟು. ಗಾಡಿಯ ಮೇಲೆ ಗಾಳಿ ಬೀಸುತ್ತದಲ್ಲ, ತಂಪಾಗಿರುತ್ತದೆ ಎಂದು ಅವನ ವಾದ. ಇದು ಬಹುಮಂದಿಯಲ್ಲಿರುವ ತಪ್ಪು ತಿಳಿವಳಿಕೆ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದಾಗ ಮಾತ್ರ ಮೈಯಿಂದ ಶಾಖ ಗಾಳಿಗೆ ಹೋಗುತ್ತದೆ. ಗಾಳಿಯೇ 45 ಡಿಗ್ರಿ ಇದ್ದಾಗ ಶಾಖ ಹಿಮ್ಮುಖವಾಗಿ ಹರಿದು ಗಾಳಿಯಿಂದ ಮೈಗೆ ಬರುತ್ತದೆ. ವೇಗ ಹೆಚ್ಚಿದಷ್ಟೂ ಹೆಚ್ಚು ಬರುತ್ತದೆ. ಆಗ ಕಾಪಾಡಬಲ್ಲದ್ದು ಬೆವರು ಆರುವುದೊಂದೇ. ಒಣಗಾಳಿಯಲ್ಲಿ ಬೆವರು ಎಷ್ಟು ಬೇಗ ಆರುತ್ತದೆಂದರೆ ಬೆವರಿದುದೇ ತಿಳಿಯುವುದಿಲ್ಲ. ದೇಹದ ನೀರು ಮಾತ್ರ ಖಾಲಿಯಾಗುತ್ತಿರುತ್ತದೆ. ಮರಳುಗಾಡಿನ ಜನ ಬಿಸಿಲಿನಲ್ಲಿ ಮೈತುಂಬ ಬಟ್ಟೆ ಹೊದೆಯುವುದು ಇದಕ್ಕಾಗಿಯೇ. ಹೀಗಿರಲು, ಆಗಸ್ಟಿನ ಕೊನೆಯ ವಾರ ಹೊರಡುವುದೆಂದು ಒಪ್ಪಿಸಿದೆವು. ಆ ಹೊತ್ತಿಗೆ ದಖ್ಖನಿನ ನೆಲವೆಲ್ಲ ಹಸಿರು. ಲಡಾಖ್ ಮಳೆಯ ನೆರಳಿನ ನಾಡಾದುದರಿಂದ ಅಲ್ಲಿ ಮುಂಗಾರಿನ ಬಾಧೆ ಕಡಮೆ. ಜಮ್ಮು-ಶ್ರೀನಗರಗಳ ನಡುವೆ ಮಾತ್ರ ಮಳೆಗೆ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು. ಅದಕ್ಕೆಂದು ಎರಡು ದಿನಗಳನ್ನು ಖಾಲಿ ಬಿಟ್ಟೆವು. ಯೋಜನೆಯಲ್ಲಿ ಖಾಲಿ ದಿನವಿಲ್ಲದವನು ಕತ್ತಲಲ್ಲಿ ಓಡಿಸುತ್ತಾನೆ.

ಮೂರನೆಯ ದಿನ ಬೆಟ್ಟದ ಲೆಕ್ಕ. ಖಾರ್ದುಂಗ್ ಲಾದಲ್ಲಿ ಬಹುಕಾಲ ನಿಂತಿದ್ದ ಫಲಕ ಅದರ ಎತ್ತರವನ್ನು 18,380 ಅಡಿ, ಎಂದರೆ 5,602 ಮೀಟರ್ ಎಂದು ಸಾರುತ್ತಿತ್ತು. ಈಚಿನ ಉಪಗ್ರಹ ಸಾಧನಗಳ ಅಳತೆಯಂತೆ ಅದು 5,359 ಮೀಟರ್. ಫೋಟೋ ತೆಗೆಸಿಕೊಳ್ಳುವವರಿಗೆ ಇದು ನಿರಾಶೆ ತರಬಹುದು. ಎಂಜಿನ್ನಿಗೂ ಶ್ವಾಸಕೋಶಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಆ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ನೀರು 82-83 ಡಿಗ್ರಿಗೇ ಕುದಿಯುತ್ತದೆ.

ಕಾರ್ಬುರೇಟರ್ ಎಂಬುದು ಗಾಳಿಯ ಗಾತ್ರವನ್ನು ನೋಡಿ ಪೆಟ್ರೋಲು ಕೊಡುವ ಸಾಧನ. ಗಾಳಿಯ ತೂಕ ಅದಕ್ಕೆ ತಿಳಿಯದು. ಉರಿಯುವುದಕ್ಕೆ ಬೇಕಾದುದೋ ತೂಕ: ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 15 ಗ್ರಾಂ ಗಾಳಿ. ಮೈಸೂರಿನ ಗಾಳಿಗೆ ಹೊಂದಿಸಿದ ಕಾರ್ಬುರೇಟರು ಖಾರ್ದುಂಗ್ ಲಾದ ತೆಳುಗಾಳಿಯಲ್ಲಿ ಬೇಕಾದುದಕ್ಕಿಂತ ಕಾಲುಪಾಲಿಗೂ ಮೀರಿ ಪೆಟ್ರೋಲನ್ನು ಸುರಿಯುತ್ತದೆಂದು ಲೆಕ್ಕದಿಂದ ತಿಳಿಯುತ್ತದೆ. ಫಲವಾಗಿ ಕಪ್ಪು ಹೊಗೆ, ಮಸಿ ಕಟ್ಟಿದ ಪ್ಲಗ್ಗು, ಕೆಮ್ಮುವ ಎಂಜಿನ್ನು. ಈಗಿನ ಹೊಸ ಗಾಡಿಗಳಲ್ಲಿ ವಾಯುಭಾರವನ್ನು ಅಳೆದು ಇಂಧನವನ್ನು ತಾನೇ ಕಡಮೆ ಮಾಡುವ ವ್ಯವಸ್ಥೆಯಿದೆ. ಯೆಜ್ಡಿಯ ಸವಾರನು ಸಣ್ಣ ರಂಧ್ರದ ಜೆಟ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಲೇಹ್‌ನಲ್ಲಿ ಬದಲಿಸಿಕೊಳ್ಳಬೇಕು. ಇಳಿದು ಬಂದಮೇಲೆ ಹಳೆಯದನ್ನು ಹಾಕಲು ಮರೆಯಕೂಡದು. ಮರೆತರೆ ಇಂಧನ ಸಾಲದೆ ಎಂಜಿನ್ನು ಕಾದು ಕೊಂತ ಹಿಡಿದುಕೊಳ್ಳುತ್ತದೆ.

ಟಯರಿನ ವಿಷಯದಲ್ಲಿ ಒಂದು ಸ್ವಾರಸ್ಯ. ಮಾಪಕ ತೋರಿಸುವುದು ಒಳಗಿನ ಒತ್ತಡವನ್ನಲ್ಲ, ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಹೊರಗಿನ ಒತ್ತಡ ಇಳಿದುದರಿಂದ ಮೈಸೂರಿನಲ್ಲಿ 28 ಪೌಂಡಿದ್ದ ಟಯರು ಬೆಟ್ಟದ ಮೇಲೆ 34 ತೋರಿಸಬೇಕು. ಆದರೆ 30 ಡಿಗ್ರಿಯಿಂದ ಸೊನ್ನೆಗೆ ತಣಿದ ಒಳಗಾಳಿಯೂ ಕುಗ್ಗುತ್ತದೆ. ಎರಡನ್ನೂ ಹಿಡಿದರೆ ಬರುವುದು ಹತ್ತಿರ ಹತ್ತಿರ 30. ಏನೂ ಮಾಡಬೇಕಾದುದಿಲ್ಲ.

ಹೀಗೆ ಸೊರಗಿದ ಎಂಜಿನ್ನು ಏರನ್ನು ಹತ್ತಬಲ್ಲುದೆ? ಗಾಡಿ, ಸವಾರ, ಸಾಮಾನು ಸೇರಿ 220 ಕಿಲೋಗ್ರಾಂ. ನೂರಕ್ಕೆ ಏಳರ ಏರು. ವೇಗ ಗಂಟೆಗೆ 20 ಕಿಲೋಮೀಟರ್. ಬೇಕಾಗುವ ಶಕ್ತಿ ಒಂದೂವರೆ ಅಶ್ವಶಕ್ತಿಗಿಂತಲೂ ಕಡಮೆ. ಹನ್ನೆರಡರಲ್ಲಿ ಅರ್ಧವೇ ಉಳಿದರೂ ಆರು ಇರುತ್ತದೆ. ಹುಡುಗನು ಇದನ್ನು ತಾನೇ ಲೆಕ್ಕ ಹಾಕಿ, “ನೋಡಿ ಸಾರ್, ಹತ್ತುತ್ತದೆ!” ಎಂದು ಮೇಲೆದ್ದನು.

ಇಷ್ಟು ಹೊತ್ತೂ ರಾಗಿ ಕೇರುತ್ತ ಮೌನವಾಗಿ ಕೇಳುತ್ತಿದ್ದ ಅವನ ತಾಯಿ ಆಗ ಒಂದು ಪ್ರಶ್ನೆ ಕೇಳಿದರು. “ಗಾಡಿ ಹತ್ತುತ್ತದೆ ಸರಿ ಮೇಷ್ಟ್ರೇ. ಇವನು ರಾತ್ರಿ ಎಲ್ಲೆಲ್ಲಿ ಮಲಗ್ತಾನೆ?”

ಆಕೆ ಕೇಳಿದುದು ತಾಯಿಯ ಸಹಜವಾದ ಚಿಂತೆಯಿಂದ. ಆದರೆ ಎತ್ತರದ ವೈದ್ಯಶಾಸ್ತ್ರ ಕೇಳುವ ಪ್ರಶ್ನೆಯೂ ಅಕ್ಷರಶಃ ಅದೇ. ಹಗಲು ಎಷ್ಟು ಎತ್ತರ ಹತ್ತಿದೆ ಎಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದೆ ಎಂಬುದು ಮುಖ್ಯ. ಎಂಜಿನ್ನಿಗೆ ದೊರೆಯುವ ಅದೇ ತೆಳುಗಾಳಿಯೇ ಸವಾರನ ರಕ್ತಕ್ಕೂ ದೊರೆಯುವುದು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿಯೂ ನೂರಕ್ಕೆ 21. ಆದರೆ ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ ಅರ್ಧಕ್ಕಿಳಿದಿರುತ್ತದೆ. ದೇಹಕ್ಕೆ ಬದಲಿಸಿಕೊಳ್ಳಲು ಜೆಟ್ಟಿಲ್ಲ. ಉಸಿರಾಟವನ್ನು ಹೆಚ್ಚಿಸಿಕೊಂಡು, ರಕ್ತವನ್ನು ಹೊಂದಿಸಿಕೊಂಡು ಅದು ಒಗ್ಗಿಕೊಳ್ಳಲು ದಿನಗಳು ಬೇಕು. ಆತುರಪಟ್ಟವನಿಗೆ ಮೊದಲು ತಲೆನೋವು, ವಾಕರಿಕೆ, ನಿದ್ರಾಹೀನತೆ. ಲಕ್ಷಿಸದೆ ಇನ್ನೂ ಮೇಲೇರಿದರೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿ ಪ್ರಾಣಕ್ಕೇ ಸಂಚಕಾರ. ಗಟ್ಟಿಮುಟ್ಟಾದ ಮೈಯವರಿಗೆ ಇದು ಬಾರದೆಂಬ ನಂಬಿಕೆಗೆ ಆಧಾರವಿಲ್ಲ. ಅಂಥವರು ಆತುರಪಡುವುದರಿಂದ ಅಪಾಯಕ್ಕೆ ಬೇಗ ಸಿಕ್ಕುವುದೂ ಉಂಟು. ಲಕ್ಷಣಗಳು ಉಲ್ಬಣಿಸಿದರೆ ಮಾಡಬೇಕಾದ ಮೊದಲ ಕೆಲಸ ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾಯುವುದಲ್ಲ. ಮೂರು ಸಾವಿರ ಮೀಟರಿನ ಮೇಲೆ, ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಸಾಮಾನ್ಯ ಸೂತ್ರ.

ಆದುದರಿಂದ ನೋಟುಪುಸ್ತಕದಲ್ಲಿ ಹೊಸ ಪುಟವೊಂದನ್ನು ತೆರೆದು, ಮಲಗುವ ಊರುಗಳನ್ನೂ ಅವುಗಳ ಎತ್ತರವನ್ನೂ ಬರೆದೆವು. ಶ್ರೀನಗರ ಸುಮಾರು 1,600 ಮೀಟರ್. ಅಲ್ಲಿ ಎರಡು ರಾತ್ರಿ. ಸೋನಮಾರ್ಗ ಸುಮಾರು 2,700. ಮರುದಿನ 3,528 ಮೀಟರಿನ ಜೋಜಿ ಲಾವನ್ನು ಹಗಲಿನಲ್ಲಿ ದಾಟಿ ಮತ್ತೆ ಸುಮಾರು 2,700 ಮೀಟರಿನ ಕಾರ್ಗಿಲ್‌ಗೆ ಇಳಿದು ಮಲಗುವುದು. ಅಲ್ಲಿಂದ 4,108 ಮೀಟರಿನ ಫೋಟು ಲಾವನ್ನು ಹಾಯ್ದು ಲೇಹ್. ಎತ್ತರ ಸುಮಾರು 3,500. ಕೊನೆಯ ಈ ಜಿಗಿತ ಸೂತ್ರವನ್ನು ಮೀರುವುದರಿಂದ ಲೇಹ್‌ನಲ್ಲಿ ಎರಡು ದಿನ ಪೂರ್ತಿ ವಿಶ್ರಾಂತಿ. ಆಮೇಲೆ ಖಾರ್ದುಂಗ್ ಲಾ, ಅದೂ ಮಧ್ಯಾಹ್ನದೊಳಗೆ ಹೋಗಿ ಕೆಳಗಿಳಿದು ಬರುವಂತೆ. ಅವನು ಮೊದಲು ಯೋಚಿಸಿದ್ದಂತೆ ಮನಾಲಿಯ ಕಡೆಯಿಂದ ಹತ್ತಿದ್ದರೆ, ಸುಮಾರು 2,000 ಮೀಟರಿನಿಂದ ಹೊರಟವನು ಮರುರಾತ್ರಿಯೇ 4,290 ಮೀಟರಿನ ಸರ್ಚುವಿನಲ್ಲಿ ಮಲಗಬೇಕಾಗುತ್ತಿತ್ತು. ಎಷ್ಟೋ ಯಾತ್ರೆಗಳು ಕೆಡುವುದು ಆ ಒಂದು ರಾತ್ರಿಯಲ್ಲಿ. ಒಗ್ಗಿದ ಮೈಯಿಂದ ಇಳಿಯುವಾಗ ಆ ದಾರಿ ಹಿತವಾದುದು. ಹಿಂದಿರುಗುವುದಕ್ಕೆ ಅದನ್ನೇ ಇಟ್ಟುಕೊಂಡೆವು. 2020ರ ಅಕ್ಟೋಬರಿನಲ್ಲಿ ಸುಮಾರು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದಮೇಲೆ ಕೊನೆಯ ರೋಹ್ತಾಂಗ್ ಏರೂ ತಪ್ಪಿದೆ.

ಬಯಲುಸೀಮೆಯಲ್ಲಿ ಜಮ್ಮುವಿನವರೆಗೆ ಸುಮಾರು 2,900 ಕಿಲೋಮೀಟರಿಗೆ ಹತ್ತು ದಿನ, ವೇಧಶಾಲೆಗಳಿಗೆ ಒಂದು, ಶ್ರೀನಗರಕ್ಕೆ ಎರಡು, ಮುಂದಿನವು ಎಲ್ಲ ಸೇರಿ, ಖಾಲಿ ಬಿಟ್ಟ ಎರಡನ್ನೂ ಕೂಡಿಸಿದರೆ, ಆರು ದಿನದ ಯಾತ್ರೆ ಇಪ್ಪತ್ತೊಂದು ದಿನದ್ದಾಯಿತು. ಅದೂ ಹೋಗುವುದಕ್ಕೆ ಮಾತ್ರ. ಹುಡುಗನು ಖರ್ಚಿನ ಪುಟವನ್ನು ನೋಡಿ ನಿಟ್ಟುಸಿರು ಬಿಟ್ಟನು. ತಾಯಿ ಮಲಗುವ ಊರುಗಳ ಪುಟವನ್ನು ಓದಿಸಿ ಕೇಳಿ, “ಹಂಗಾದ್ರೆ ಹೋಗಿ ಬಾ ಮಗ” ಎಂದರು.

ಉಳಿದವು ಸಣ್ಣ ವಿಷಯಗಳು. ಸಾಮಾನನ್ನು ಹಿಂದಿನ ಅಚ್ಚಿನಾಚೆಗೆ ಎತ್ತರವಾಗಿ ಪೇರಿಸಬಾರದು. ಸನ್ನೆಯಂತೆ ವರ್ತಿಸಿ ಮುಂದಿನ ಚಕ್ರವನ್ನು ಹಗುರಮಾಡುತ್ತದೆ. ಸೀಟಿನ ಎರಡು ಪಕ್ಕಗಳಲ್ಲಿ ತಗ್ಗಿನಲ್ಲಿ ಕಟ್ಟಬೇಕು. ತಿರುವಿನಲ್ಲಿ ಗಾಡಿ ಬಾಗಬೇಕಾದ ಕೋನ ವೇಗದೊಡನೆ ಬೆಳೆಯುತ್ತದೆ: ಮೂವತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ 40ರ ವೇಗಕ್ಕೆ 23 ಡಿಗ್ರಿ, 50ಕ್ಕೆ 33. ಒಣ ಡಾಂಬರು ಇದನ್ನು ತಡೆದೀತು. ಜಲ್ಲಿ ಚೆದರಿದ ಬೆಟ್ಟದ ತಿರುವು ಮೊದಲನೆಯದನ್ನೂ ತಡೆಯದು.

ಪೆಟ್ರೋಲಿನ ಲೆಕ್ಕ ಹಿಂದಿರುಗುವ ದಾರಿಗೆ ಬೇಕಾದುದು. ಮನಾಲಿಯ ಕಡೆಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಟಾಂಡಿ ಎಂಬಲ್ಲಿರುವ ಪಂಪಿನ ಬಳಿ, ಮುಂದಿನ ಪಂಪು 365 ಕಿಲೋಮೀಟರ್ ದೂರದಲ್ಲಿದೆಯೆಂಬ ಫಲಕ ಸವಾರರಲ್ಲಿ ಬಹುಕಾಲದಿಂದ ಪ್ರಸಿದ್ಧ. ತನ್ನ ಗಾಡಿ ಲೀಟರಿಗೆ 30 ಕೊಡುತ್ತದೆ, ಹನ್ನೆರಡು ಲೀಟರು ಸಾಕು ಎಂದು ಹುಡುಗ ಹೇಳಿದ. ಏರಿಗೂ ತೆಳುಗಾಳಿಗೂ ಮೂರನೆಯ ಒಂದು ಪಾಲು ಸೇರಿಸಿ ಹದಿನಾರು ಎಂದು ಬರೆಸಿದೆವು. ಮೂವತ್ತು ಎಂಬುದನ್ನು ಅಳೆದು ನೋಡಿದ್ದೀಯಾ ಎಂದು ಕೇಳಿದಾಗ, ತಾತ ಹೇಳುತ್ತಿದ್ದರು ಎಂದನು.

ನಾಲ್ಕನೆಯ ದಿನ ಬೆಳಗಿನ ಜಾವ, ಸಾಮಾನನ್ನೆಲ್ಲ ಕಟ್ಟಿಕೊಂಡು, ತೊಟ್ಟಿಯನ್ನು ಬಾಯಿಮಟ್ಟ ತುಂಬಿಸಿ, ತಲಕಾವೇರಿಯವರೆಗೆ ಪರೀಕ್ಷೆಯ ಓಟಕ್ಕೆ ಅವನನ್ನು ಕಳುಹಿಸಿದೆವು. ಮರುದಿನ ಸಂಜೆ ಐದಕ್ಕೆ, ಬೆಳಕಿರುವಾಗಲೇ, ಅವನು ಹಿಂದಿರುಗಿದನು. ಮತ್ತೆ ಬಾಯಿಮಟ್ಟ ತುಂಬಿಸಲು ಹಿಡಿದ ಪೆಟ್ರೋಲಿನಿಂದ ಓಡಿದ ದೂರವನ್ನು ಭಾಗಿಸಿದಾಗ ಬಂದುದು 27. ಜಗಲಿಯ ಮೇಲೆ ಕುಳಿತು, 16ನ್ನು ಹೊಡೆದುಹಾಕಿ 18 ಎಂದು ಬರೆದು, ತೊಟ್ಟಿಯಲ್ಲಿ ಹಿಡಿಯದ ಉಳಿದ ಲೀಟರುಗಳಿಗಾಗಿ ಡಬ್ಬಿಯನ್ನು ಎಲ್ಲಿ ಕಟ್ಟುವುದೆಂದು ಅವನು ಯೋಚಿಸತೊಡಗಿದನು.